ಬಸುವಿನ ಫೋನ್ ಸುಮ್ಮನಾದ ಬೇಸಿಗೆ

ಹೋದ ವಾರ ಬೊರಿವಲಿಯ ಒಂದು ಮನೆಯಲ್ಲಿ ಎಸಿಯ ಮುಂದಿನ ಮುಚ್ಚಳ ತೆಗೆದು ಒಳಗಿನ ಜಾಳಿಗೆ ಪಂಪಿನಿಂದ ನೀರು ಬಿಟ್ಟೆ. ವರ್ಷದಿಂದ ಯಾರೂ ಮುಟ್ಟದ ಎಸಿ. ಒದ್ದೆ ಧೂಳು, ಅಗರಬತ್ತಿ, ಒಗ್ಗರಣೆ ಎಲ್ಲ ಸೇರಿದ ವಾಸನೆಯೊಂದು ಮೂಗಿಗೆ ಹೊಡೆಯಿತು. ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು, ಒಂದೊಂದು ಮನೆಯ ಎಸಿಗೆ ಒಂದೊಂದು ವಾಸನೆ. ಆದರೆ ಈ ವಾಸನೆ ನನಗೆ ಪರಿಚಯದ್ದು, ಇದೇ ಬಿಲ್ಡಿಂಗಿನ ಇನ್ನೊಂದು ಮನೆಯಲ್ಲಿ ಮೂಗಿಗೆ ಬಡಿದಿದ್ದದ್ದು. ಕಿಟಕಿಯಿಂದ ಹೊರಗೆ ತಲೆ ಹಾಕಿ ಮೇಲೆ ನೋಡಿದೆ. ಎರಡು ಮಹಡಿ ಮೇಲೆ, ಮೂರು ಬೇಸಿಗೆಯ ಹಿಂದೆ ನಾನು ಕೈ ಮುರಿದುಕೊಂಡ ಛಜ್ಜಾ ಕಾಣಿಸಿತು. ಛಜ್ಜಾ ಎಂದರೆ ಕಿಟಕಿಯ ಹೊರಗೆ ಚಾಚಿಕೊಂಡಿರುವ ಕಾಂಕ್ರೀಟಿನ ಪಟ್ಟಿ. ಎಸಿಯ ಹೊರಗಿನ ಯಂತ್ರ ಕೂರುವುದು ಅದರ ಮೇಲೆ, ನಾವು ಕೂರುವುದೂ ಅದರ ಮೇಲೆಯೇ.

"ಕ್ಯಾ ಹುವಾ ಭಾಯ್?" ಎಂದರು ಮನೆಯವರು. ಏನಿಲ್ಲ ಎಂದೆ. ಆದರೆ ಹೊಟ್ಟೆಯೊಳಗೆ ಆ ಬೇಸಿಗೆಯ ಉರಿ ಒಂದು ಸಲ ಎದ್ದು ಕೂತು, ನನ್ನನ್ನು ನೋಡಿ, ಮತ್ತೆ ಮಲಗಿತ್ತು.

ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಬಿ.ಪಿ., ನನಗೆ ಇದು. ಸಣ್ಣಂದಿನಿಂದ ಇದೆ. ಅದರಲ್ಲಿ ಮುಕ್ಕಾಲು ಪಾಲು ಬಸವರಾಜನ ಮೇಲೆಯೇ ಖರ್ಚಾಗಿದೆ. ಬಸು ಮತ್ತು ನಾನು ಬಾಗಲಕೋಟೆ ಕಡೆಯ ಒಂದೇ ಓಣಿಯವರು. ಒಂದೇ ರೈಲಿನಲ್ಲಿ ಮುಂಬೈಗೆ ಬಂದೆವು, ಕುರ್ಲಾದಲ್ಲಿ ಒಬ್ಬನೇ ಉಸ್ತಾದನ ಕೈಕೆಳಗೆ ಫ್ರಿಜ್ಜು, ಎಸಿ ರಿಪೇರಿ ಕಲಿತೆವು, ಒಂದೇ ಚಾಳಿನ ಒಂದೇ ಗ್ಯಾಲರಿಯಲ್ಲಿ ಮನೆ ಮಾಡಿದೆವು. ಆಮೇಲೆ ಇಬ್ಬರೂ ಸ್ವಂತ ಧಂದೆ ಶುರು ಮಾಡಿದಾಗ, ನಮ್ಮ ನಮ್ಮಲ್ಲಿ ಜಗಳ ಬೇಡ ಎಂದು ಊರನ್ನು ಹಂಚಿಕೊಂಡೆವು. ಘಾಟ್ಕೋಪರ್, ಮುಲುಂಡ್ ಕಡೆ ಅವನಿಗೆ. ಅಂಧೇರಿಯಿಂದ ಬೊರಿವಲಿಯವರೆಗೆ ನನಗೆ. ಈ ಹಂಚಿಕೆಯಲ್ಲಿ ನನಗೆ ಮೋಸವಾಗಿದೆ ಎಂದು ನಾನು ಮೊದಲ ದಿನದಿಂದಲೂ ನಂಬಿದ್ದೇನೆ. ಅವನ ಪಾಲಿನದೆಲ್ಲ ಮನೆಗೆ ಹತ್ತಿರ, ನನ್ನ ಪಾಲಿನದೆಲ್ಲ ದೂರ. ಹಂಚಿದವನು ನಾನೇ ಎಂಬುದು ಬೇರೆ ಮಾತು.

ಆದರೂ ಗೆಳೆತನಕ್ಕೆ ಕೊರತೆ ಇರಲಿಲ್ಲ. ಮುಂಜಾನೆ ಕೆಲಸಕ್ಕೆ ಹೊರಡುವ ಮೊದಲು ಸ್ಟೇಷನ್ ಹತ್ತಿರದ ಚಹಾದ ಗಾಡಿಯ ಮುಂದೆ ಇಬ್ಬರೂ ನಿಲ್ಲುತ್ತಿದ್ದೆವು. ಒಂದು ಕಟಿಂಗ್ ಚಹಾ ಎಂದರೆ ಅರ್ಧ ಗ್ಲಾಸು, ಅದರ ಜೊತೆಗೆ ಫೋನನ್ನು ಬೈಯುವುದು. ಅದೇ ನಮ್ಮ ನಿತ್ಯಪೂಜೆ. ಎಸಿ ಕೆಲಸದವನ ಬೇಸಿಗೆ ಎಂದರೆ ಫೋನಿನ ಬೇಸಿಗೆ. ಹೋಳಿ ಮುಗಿಯಿತೋ ಇಲ್ಲವೋ ಇಡೀ ಮುಂಬೈಗೆ ಒಂದೇ ದಿನ ತನ್ನ ಎಸಿ ನೆನಪಾಗುತ್ತದೆ. ಬೈಕ್ ಓಡಿಸುವಾಗ ಹೆಲ್ಮೆಟ್ಟಿನೊಳಗೆ ಫೋನು, ಸ್ಟೂಲಿನ ಮೇಲೆ ಹತ್ತಿದಾಗ ಬಾಯಲ್ಲಿ ಸ್ಕ್ರೂಡ್ರೈವರು ಹೆಗಲ ಮೇಲೆ ಫೋನು. ಛಜ್ಜಾದ ಮೇಲೆ ಒಂದು ಕೈಯಲ್ಲಿ ಕಬ್ಬಿಣದ ಫ್ರೇಮು, ಇನ್ನೊಂದರಲ್ಲಿ ಫೋನು. "ಕಿತನೇ ಬಜೇ ಆವೋಗೇ?" ಎಷ್ಟು ಹೊತ್ತಿಗೆ ಬರುತ್ತೀಯ ಎಂದು ಆ ಕಡೆಯವರು ಗದರುತ್ತಾರೆ. ಕೆಳಗೆ ರಸ್ತೆಯಲ್ಲಿ ರಿಕ್ಷಾಗಳು ಬೆಂಕಿಪೊಟ್ಟಣದ ಹಾಗೆ ಕಾಣುತ್ತಿರುತ್ತವೆ. ನಾವು, "ಬಸ್, ನಿಕಲ್ ಗಯಾ ಹೂಂ", ಇಗೋ ಹೊರಟೇಬಿಟ್ಟೆ, ಎನ್ನುತ್ತೇವೆ. ಇದನ್ನೆಲ್ಲ ಮರುದಿನ ಮುಂಜಾನೆ ಒಬ್ಬರಿಗೊಬ್ಬರು ಹೇಳಿಕೊಂಡು ನಗುವುದು. ನಕ್ಕ ಮೇಲೆ ಏನೋ ಹಗುರ.

ಆ ವರ್ಷ ಏಪ್ರಿಲ್ ಶುರುವಿನಲ್ಲಿ ಒಂದು ವಿಚಿತ್ರ ಗಮನಿಸಿದೆ. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ನನ್ನ ಫೋನು ನಾಲ್ಕಾರು ಸಲ ಬಡಿದುಕೊಂಡರೆ, ಬಸುವಿನದು ಒಮ್ಮೆಯೂ ಸದ್ದು ಮಾಡಲಿಲ್ಲ. ಮರುದಿನವೂ ಅಷ್ಟೇ. ಮೂರನೆಯ ದಿನ ನನಗೆ ಖಾತ್ರಿಯಾಯಿತು, ಇವನ ಧಂದೆ ಮುಳುಗಿದೆ. ಸುಳ್ಳು ಹೇಳಬಾರದು, ಒಳಗೆ ಒಂದು ತಂಪು ಗಾಳಿ ಬೀಸಿತು. ಹೊಟ್ಟೆಕಿಚ್ಚಿನ ಮನುಷ್ಯ ಸಂತೋಷವಾದಾಗ ತುಂಬ ಉದಾರಿಯಾಗುತ್ತಾನೆ. ಅವನ ಚಹಾದ ದುಡ್ಡನ್ನೂ ನಾನೇ ಕೊಟ್ಟು ಹೆಗಲ ಮೇಲೆ ಕೈ ಹಾಕಿದೆ.

"ಯಾಕಲೇ ಬಸ್ಯಾ, ಧಂದಾ ಸಡ್ಲ ಐತೇನು? ಟೆನ್ಶನ್ ತಗೋಬ್ಯಾಡ. ನನ್ನ ಕಡೆ ಕೆಲಸ ಜಾಸ್ತಿ ಅದಾವ, ಒಂದೆರಡು ಕೊಡ್ತೀನಿ."

ಬಸು ನನ್ನನ್ನೇ ನೋಡಿದ. "ಸಡ್ಲ? ಇವತ್ತ ಏಳ ಸರ್ವಿಸ್ ಅದಾವಲೇ ನನಗ."

"ಮತ್ತ ಫೋನ್ ಯಾಕ ಹೊಡ್ಕೊಳವಲ್ದು?"

"ರೇಣುಕಾ ಎತ್ತತಾಳ."

"ಯಾವ ರೇಣುಕಾ?"

"ವರ್ಚುವಲ್ ಅಸಿಸ್ಟೆಂಟ್."

"ಹಂಗಂದ್ರ?"

"ಆಕಿ ಇಲ್ಲಿ ಇರಂಗಿಲ್ಲ. ಇಳಕಲ್ಲಾಗ ತಮ್ಮ ಮನ್ಯಾಗ ಇರ್ತಾಳ. ಆದ್ರ ಇಲ್ಲೇ ಇದ್ದಂಗ."

"ದೇವರಂಗೇನು?"

"ದೇವರು ಫೋನ್ ಎತ್ತಂಗಿಲ್ಲಲೇ. ಈಕಿ ಎತ್ತತಾಳ."

ಆದದ್ದು ಇಷ್ಟು. ಮುಂಬೈಯ ಫೋರ್ಟ್ ಏರಿಯಾದಲ್ಲಿ ಒಂದು ಆಫೀಸಿನ ಎಸಿಗಳನ್ನು ಬಸು ನೋಡಿಕೊಳ್ಳುತ್ತಿದ್ದ. ಅಲ್ಲಿಯ ಸಾಹೇಬರು ಒಂದು ದಿನ ಫೋನ್ ಮಾಡಿ ಮಾಡಿ ಸಾಕಾಗಿ, ಇವನು ಕೊನೆಗೆ ಬಂದಾಗ ಬೈಯುವುದನ್ನು ಬಿಟ್ಟು ಬುದ್ಧಿ ಹೇಳಿದರಂತೆ. ನೀನು ಕೆಲಸ ಮಾಡುವವನೋ ಫೋನ್ ಎತ್ತುವವನೋ ಮೊದಲು ತೀರ್ಮಾನ ಮಾಡು, ಎರಡೂ ಒಬ್ಬನಿಂದ ಆಗುವುದಿಲ್ಲ ಎಂದು. ಅವರೇ ಈ ರೇಣುಕಾಳ ವಿಷಯ ಹೇಳಿದ್ದು. ಬಿ.ಕಾಂ. ಓದಿದವಳು. ಮನೆಯಲ್ಲೇ ಕೂತು ಪುಣೆಯ ಒಬ್ಬ ಕೇಟರರ್‌ಗೆ, ಹುಬ್ಬಳ್ಳಿಯ ಒಬ್ಬ ಹಲ್ಲಿನ ಡಾಕ್ಟರಿಗೆ ಇದೇ ಕೆಲಸ ಮಾಡಿಕೊಡುತ್ತಿದ್ದಳು. ಈಗ ಬಸುವಿಗೂ. ಬಸುವಿನ ಕರೆಗಳೆಲ್ಲ ಅವಳಿಗೆ ಹೋಗುತ್ತವೆ. ಯಾವ ಬಿಲ್ಡಿಂಗು, ಎಷ್ಟನೇ ಮಹಡಿ, ಲಿಫ್ಟ್ ಇದೆಯೋ ಇಲ್ಲವೋ, ಹೊರಗಿನ ಯಂತ್ರ ಎಲ್ಲಿದೆ, ಎಲ್ಲ ಕೇಳುತ್ತಾಳೆ. ಒಂದೇ ದಿಕ್ಕಿನ ಕೆಲಸಗಳನ್ನು ಒಂದೇ ದಿನಕ್ಕೆ ಹಾಕುತ್ತಾಳೆ. ಬಸು ಹೊರಡುವ ಮೊದಲು ಗಿರಾಕಿಗೆ ಫೋನ್ ಮಾಡಿ ಮನೆಯಲ್ಲಿದ್ದೀರಾ ಎಂದು ಖಾತ್ರಿ ಮಾಡಿಕೊಳ್ಳುತ್ತಾಳೆ. ಕೆಲಸ ಮುಗಿದ ಮರುದಿನ ತಂಪು ಸರಿಯಾಗಿದೆಯಾ ಎಂದು ವಿಚಾರಿಸುತ್ತಾಳೆ.

ಕೇಳುತ್ತ ಕೇಳುತ್ತ ನನ್ನ ಬಾಯಿಯ ಚಹಾ ಕಹಿಯಾಯಿತು. ಕೊಟ್ಟ ದುಡ್ಡು ವಾಪಸ್ ಕೇಳಬೇಕೆನ್ನಿಸಿತು.

ಆಮೇಲೆ ಎಲ್ಲಿ ನೋಡಿದರೂ ಬಸುವಿನ ಸುಖವೇ ಕಣ್ಣಿಗೆ ಬೀಳತೊಡಗಿತು. ಒಂದು ಮಧ್ಯಾಹ್ನ ಒಂದು ಬಿಡಿಭಾಗ ತರಲು ಘಾಟ್ಕೋಪರ್‌ಗೆ ಹೋದವನು ನೋಡುತ್ತೇನೆ, ಒಂದು ಬಿಲ್ಡಿಂಗಿನ ಗೇಟಿನ ಹತ್ತಿರ ಮರದ ನೆರಳಿನಲ್ಲಿ ಬಸು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದಾನೆ. ಕೂತು ಮಾಡುತ್ತಿದ್ದಾನೆ! ಮೇ ತಿಂಗಳು ಹತ್ತಿರ ಬಂದಿರುವಾಗ ಎಸಿ ಮೆಕ್ಯಾನಿಕ್ ಒಬ್ಬ ರೊಟ್ಟಿಯನ್ನು ಪಲ್ಯದಲ್ಲಿ ಅದ್ದಿ, ಬಾಯಿ ಮುಚ್ಚಿ, ನಿಧಾನವಾಗಿ ಅಗಿಯುವುದನ್ನು ನಾನು ಈ ಊರಿಗೆ ಬಂದ ಮೇಲೆ ನೋಡಿದ್ದೇ ಇಲ್ಲ. ಅವನು ಕೈ ಎತ್ತಿ ಕರೆದ. ನಾನು ಕಾಣದವನ ಹಾಗೆ ಬೈಕ್ ಓಡಿಸಿದೆ.

ಅವನು ಊರಲ್ಲಿದ್ದಾಗ ಭಜನೆಗೆ ಹೋಗುತ್ತಿದ್ದ. ಮುಂಬೈಗೆ ಬಂದ ಮೇಲೆ ಬಿಟ್ಟೇಬಿಟ್ಟಿದ್ದ. ಈಗ ಸೋಮವಾರ ಸಂಜೆ ಚಾಳಿನ ಗ್ಯಾಲರಿಯಲ್ಲಿ ನಮ್ಮ ಕಡೆಯ ನಾಲ್ಕೈದು ಜನರನ್ನು ಸೇರಿಸಿಕೊಂಡು ತಾಳ ಹಿಡಿದು ಹಾಡತೊಡಗಿದ. ಆ ಹೊತ್ತಿಗೆ ನಾನು ಬೆವರಿನ ಅಂಗಿಯಲ್ಲಿ ಮೆಟ್ಟಿಲು ಹತ್ತಿ ಬರುತ್ತಿದ್ದೆ, ಕಿವಿಯಲ್ಲಿ ಫೋನು, ಆ ಕಡೆ ಕಾಂದಿವಲಿಯ ಯಾರೋ ಒಬ್ಬರು ನನ್ನನ್ನು ಕಳ್ಳ ಎನ್ನುತ್ತಿದ್ದರು. ಬಸುವಿನ ದನಿ ನನಗಿಂತ ಒಳ್ಳೆಯದೇನೂ ಅಲ್ಲ. ಅವನಿಗೆ ಪುರುಸೊತ್ತಿತ್ತು, ಅಷ್ಟೇ. ಪುರುಸೊತ್ತಿದ್ದರೆ ನಾನೂ ಹಾಡುತ್ತಿದ್ದೆ, ಅವನಿಗಿಂತ ಮೇಲಿನ ಶ್ರುತಿಯಲ್ಲಿ.

"ಬಸಣ್ಣನ ಮಾರಿ ಮ್ಯಾಲ ಕಳೆ ಬಂದೈತಿ ನೋಡ್ರಿ," ಎಂದಳು ಒಂದು ದಿನ ನನ್ನ ಹೆಂಡತಿ ಸರೋಜಾ, ತಾಟಿಗೆ ರೊಟ್ಟಿ ಹಾಕುತ್ತ. "ನೀವೂ ಆ ಹುಡುಗಿಗೆ ಫೋನ್ ವಹಿಸಿಬಿಡ್ರಿ. ಊಟಕ್ಕ ಕುಂತಾಗರೆ ಬಾಯಿಗೆ ತುತ್ತ ಹೋಗ್ತದ."

ನಾನು ಅರ್ಧ ಊಟಕ್ಕೇ ಎದ್ದೆ. ಏಕೆ ಎದ್ದೆ ಎಂದು ಅವಳಿಗೂ ತಿಳಿಯಲಿಲ್ಲ, ಹಸಿವಾಗಿದ್ದ ನನಗೂ ತಿಳಿಯಲಿಲ್ಲ.

ನನ್ನ ಪಾಡು ಆ ಬೇಸಿಗೆಯಲ್ಲಿ ನಾಯಿಪಾಡು. ಇದ್ದ ಒಬ್ಬ ಹೆಲ್ಪರ್ ಮದುವೆ ಸೀಝನ್ ಎಂದು ಊರಿಗೆ ಹೋದವನು ಬರಲೇ ಇಲ್ಲ. ಫೋನ್ ಬಂದ ಕ್ರಮದಲ್ಲಿ ಕೆಲಸ ಒಪ್ಪಿಕೊಂಡು, ಮುಂಜಾನೆ ಕಾಂದಿವಲಿ, ಮಧ್ಯಾಹ್ನ ಅಂಧೇರಿ, ಮತ್ತೆ ತಿರುಗಿ ಬೊರಿವಲಿ ಎಂದು ಬಿಸಿಲಿನಲ್ಲಿ ಓಡಾಡುತ್ತಿದ್ದೆ. ಎ ವಿಂಗಿಗೆ ಹೋಗಬೇಕಾದವನು ಸಿ ವಿಂಗಿಗೆ ಹೋಗಿ ಯಾರದೋ ಮನೆಯ ಗಂಟೆ ಬಾರಿಸಿ ಬೈಸಿಕೊಂಡೆ. ಒಬ್ಬರ ರಿಮೋಟನ್ನು ಇನ್ನೊಬ್ಬರ ಮನೆಯಲ್ಲಿ ಬಿಟ್ಟು ಬಂದೆ. ಎಲ್ಲದಕ್ಕೂ ಕಾರಣ ಫೋನು. ಅದನ್ನು ಬೈಯೋಣವೆಂದರೆ ಜೊತೆಗೆ ಬೈಯುವವನು ಉಳಿದಿರಲಿಲ್ಲ. ಚಹಾದ ಗಾಡಿಯ ಮುಂದೆ ನಾನು ಶುರು ಮಾಡಿದರೆ ಬಸು ಸುಮ್ಮನೆ ಕೇಳುತ್ತಿದ್ದ, ಕಾಯಿಲೆಯವರ ಮಾತನ್ನು ಕೇಳುವ ಹಾಗೆ. ನಿಜ ಹೇಳಬೇಕೆಂದರೆ ನನಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಅದಕ್ಕೇ. ಅವನ ಸಂಕಟದಲ್ಲಿ ನನಗೆ ಪಾಲಿತ್ತು, ನನ್ನ ಸಂಕಟದಲ್ಲಿ ಅವನಿಗೆ. ಇಳಕಲ್ಲಿನಲ್ಲಿ ಕೂತವಳೊಬ್ಬಳು ಅವನ ಪಾಲನ್ನು ಎತ್ತಿಕೊಂಡು ಹೋಗಿದ್ದಳು.

ಒಂದು ಮುಂಜಾನೆ ಅವನೇ ಮಾತು ತೆಗೆದ. "ಶಿವ್ಯಾ, ನಿನ್ನ ನಂಬರೂ ಆಕಿಗೆ ಕೊಡು. ನಾ ಹೇಳ್ತೀನಿ ಆಕಿಗೆ. ನಿನಗ ನಿದ್ದಿ ಇಲ್ಲ, ಕಣ್ಣ ನೋಡ್ಕೋ ಹ್ಯಾಂಗಾಗ್ಯಾವ. ಹಿಂಗ ಛಜ್ಜಾದ ಮ್ಯಾಲ ಇಳಿದ್ರ ಏನರ ಆಗ್ತದ."

"ನನ್ನ ಗಿರಾಕಿ ಕೂಡ ನಾ ಮಾತಾಡ್ತೀನಿ," ಎಂದೆ. "ನನಗೇನು ಬಾಯಿ ಬಿದ್ದೈತೇನು? ನಿನ್ನಂಗ ಸಾಹೇಬ ಆಗೂದು ಬ್ಯಾಡ ನನಗ."

ಅವನ ಮುಖ ಸಣ್ಣದಾಯಿತು. ಗ್ಲಾಸು ಇಟ್ಟು ಹೋದ. ಮರುದಿನದಿಂದ ನಾನು ಚಹಾಕ್ಕೆ ಹೋಗುವುದನ್ನು ಬಿಟ್ಟೆ. ಗ್ಯಾಲರಿಯಲ್ಲಿ ಎದುರಾದರೆ ಅವನು ನಿಲ್ಲುತ್ತಿದ್ದ, ನಾನು ಫೋನ್ ಕಿವಿಗೆ ಹಚ್ಚಿಕೊಂಡು ದಾಟಿಬಿಡುತ್ತಿದ್ದೆ. ಆ ಕಡೆ ಎಷ್ಟೋ ಸಲ ಯಾರೂ ಇರುತ್ತಿರಲಿಲ್ಲ. ಊರು ಬಿಟ್ಟು ಬಂದವನಿಗೆ ಈ ಶಹರದಲ್ಲಿ ಇದ್ದವನು ಒಬ್ಬನೇ ಗೆಳೆಯ, ಅವನು ಕೈ ತಪ್ಪಿ ಹೋಗುತ್ತಿದ್ದಾನೆ ಎಂದು ನನಗೆ ಗೊತ್ತಾಗುತ್ತಲೇ ಇತ್ತು. ಗೊತ್ತಾದರೇನು, ಹೊಟ್ಟೆ ಉರಿಯುವುದು ನಿಲ್ಲಬೇಕಲ್ಲ.

ಆಗ ನನಗೆ ಒಂದು ಉಪಾಯ ಹೊಳೆಯಿತು. ಹೊಸ ಸಿಮ್ ಒಂದನ್ನು ತಂದೆ. ಹಳೆಯ ಫೋನಿಗೆ ಹಾಕಿ, ಕಾಂದಿವಲಿಯ ಒಂದು ಬಿಲ್ಡಿಂಗಿನ ಟೆರೇಸಿನಲ್ಲಿ ನೀರಿನ ಟಾಕಿಯ ನೆರಳಿಗೆ ಕೂತು, ಬಸುವಿನ ನಂಬರಿಗೆ ಫೋನ್ ಮಾಡಿದೆ. ಬೊರಿವಲಿಯಲ್ಲಿ ಇಲ್ಲದ ಒಂದು ವಿಳಾಸ ಕೊಟ್ಟು ಅವನನ್ನು ಘಾಟ್ಕೋಪರ್‌ನಿಂದ ಅಲ್ಲಿಯವರೆಗೆ ಬಿಸಿಲಲ್ಲಿ ಓಡಿಸುವುದು. ಬೊರಿವಲಿ ನನ್ನ ಪಾಲಿನದು ಎಂದು ಆ ರೇಣುಕಾಳಿಗೇನು ಗೊತ್ತು. ಒಂದೆರಡು ಸಲ ಹೀಗಾದರೆ ಅವನು ಆ ರೇಣುಕಾಳನ್ನು ಬಿಡುತ್ತಾನೆ, ಅವನ ಫೋನು ಮತ್ತೆ ಬಡಿದುಕೊಳ್ಳುತ್ತದೆ, ಅವನು ಮತ್ತೆ ನನ್ನ ಹಾಗಾಗುತ್ತಾನೆ. ಉಪಾಯ ಇಷ್ಟೇ.

"ನಮಸ್ತೇ, ಬಸವರಾಜ್ ಏರ್ ಕಂಡಿಷನಿಂಗ್. ಬೋಲಿಯೇ ಸರ್." ದನಿಯಲ್ಲಿ ಆತುರವೇ ಇರಲಿಲ್ಲ. ಅದಕ್ಕೇ ಅರ್ಧ ಸೋತೆ.

ಹೆಸರು ಜೋಶಿ ಎಂದೆ, ದನಿ ದಪ್ಪ ಮಾಡಿಕೊಂಡು, ನಡುನಡುವೆ ನನ್ನ ಎಂದಿನ ಕೆಮ್ಮು ಕೆಮ್ಮುತ್ತ, ಸಾಹೇಬರ ಹಿಂದಿಯಲ್ಲಿ. ಎಸಿಗೆ ಏನಾಗಿದೆ ಎಂದು ಕೇಳಿದಳು. ನಾನು ಹೇಳಿದೆ, "ಔಟ್‌ಡೋರ್ ಕಾ ಫ್ಯಾನ್ ಅಟಕ್ ರಹಾ ಹೈ. ಕಂಪ್ರೆಸರ್ ಗರಮ್ ಹೋಕೇ ಟ್ರಿಪ್ ಮಾರ್ತಾ ಹೈ. ಮೇರೇ ಖಯಾಲ್ ಸೇ ಕೆಪ್ಯಾಸಿಟರ್ ಗಯಾ." ಹೊರಗಿನ ಫ್ಯಾನು ಸಿಕ್ಕಿಕೊಳ್ಳುತ್ತದೆ, ಕಂಪ್ರೆಸರ್ ಕಾದು ಬಂದ್ ಬೀಳುತ್ತದೆ, ಕೆಪ್ಯಾಸಿಟರ್ ಹೋಗಿರಬೇಕು ಎಂದು. "ಕೆಪ್ಯಾಸಿಟರ್?" ಎಂದಳು ಅವಳು. ಹೆದರಿಸಿಬಿಟ್ಟೆ ಎಂದುಕೊಂಡೆ. "ಠೀಕ್ ಹೈ ಸರ್," ಎಂದು ಮರುದಿನ ಹನ್ನೊಂದಕ್ಕೆ ಹೊತ್ತು ಕೊಟ್ಟಳು.

ಮರುದಿನ ಏನೂ ಆಗಲಿಲ್ಲ. ಹೊರಡುವ ಮೊದಲು ಗಿರಾಕಿಗೆ ಫೋನ್ ಮಾಡುವ ಅವಳ ಪದ್ಧತಿಯನ್ನು ನಾನು ಮರೆತಿದ್ದೆ. ನಾನು ಸ್ಟೂಲಿನ ಮೇಲಿದ್ದೆ, ಜೋಶಿಯ ಫೋನು ಚೀಲದಲ್ಲಿತ್ತು, ಎತ್ತಲಿಲ್ಲ. ಬಸು ಬೊರಿವಲಿಗೆ ಹೊರಡಲೇ ಇಲ್ಲ. ಸಂಜೆ ಸಿಟ್ಟಿನಿಂದ ಫೋನ್ ಮಾಡಿ, ನಿಮ್ಮ ಆದಮಿ ಏಕೆ ಬರಲಿಲ್ಲ ಎಂದು ದಬಾಯಿಸಿದೆ. ಮುಂಜಾನೆ ತಾನು ಎಷ್ಟು ಸಲ ಫೋನ್ ಮಾಡಿ ನೋಡಿದೆ ಎಂದು ಅವಳು ಮೆತ್ತಗೆ ಹೇಳಿದಳು. ನನಗೆ ಹಿಂದಿ ತಡವರಿಸಿತು. "ಅಯ್ಯ, ಅದು..." ಎಂದುಬಿಟ್ಟೆ.

"ಸರ್, ನೀವು ಕನ್ನಡದವರೇನ್ರಿ?"

"ಹೌದ್ರಿ," ಎಂದೆ. ಜೋಶಿಯನ್ನು ಅಲ್ಲಿಯೇ ವಿಜಾಪುರದ ಕಡೆಯವನನ್ನಾಗಿ ಮಾಡಿದೆ.

ಅವಳ ಹಿಂದೆ ಟಕ್ಕು ಟಕ್ಕು ಎಂದು ಸದ್ದು ಕೇಳುತ್ತಿತ್ತು. ಅದೇನು ಎಂದು ಕೇಳಿದೆ. "ನಮ್ಮ ಮಾವ್ನೋರ ಮಗ್ಗಾರಿ. ಸೀರಿ ನೇಯಾಕತ್ತಾರ. ನಿಮಗ ತ್ರಾಸ ಆಗಾಕತ್ತೈತೇನ್ರಿ?" ಎಂದಳು. ಇಲ್ಲ ಎಂದೆ. ಎಷ್ಟೋ ವರ್ಷದಿಂದ ಕೇಳಿರದ ಸದ್ದು. ಇಂಥ ಮನೆಯಲ್ಲಿ ಕೂತು ಇವಳು ಬಸುವಿನ ಕೆಲಸ ಮಾಡುತ್ತಾಳಲ್ಲ ಎಂದು ಮತ್ತೊಂದು ಹಿಡಿ ಉರಿ ಬಿತ್ತು.

ಅಲ್ಲಿಂದ ಮುಂದೆ ದಿನಾ ಮಧ್ಯಾಹ್ನ ಟಾಕಿಯ ನೆರಳು, ಜೋಶಿಯ ಫೋನು. ಇವತ್ತು ನೆಂಟರು ಬಂ​ದಿದ್ದಾರೆ, ನಾಳೆ ನಾನು ಊರಲ್ಲಿ ಇರುವುದಿಲ್ಲ, ಎಸಿ ತಾನೇ ಸರಿಹೋದ ಹಾಗಿದೆ, ಇಲ್ಲ ಮತ್ತೆ ಕೆಟ್ಟಿದೆ. ಅವಳು ಎಲ್ಲಕ್ಕೂ ಆಗಲಿ ಸರ್ ಎನ್ನುತ್ತಿದ್ದಳು. ಮೊದಮೊದಲು ಅವಳ ಹೊತ್ತು ಹಾಳು ಮಾಡಬೇಕೆಂದೇ ಮಾತಾಡಿದೆ. ಆಮೇಲೆ ಬಿಸಿಲು, ಇಳಕಲ್ಲಿನ ನೀರು, ಜೋಳದ ರೊಟ್ಟಿ, ಮುಂಬೈಯ ಲೋಕಲ್ ಎಂದು ಮಾತು ತಾನೇ ಹರಿಯತೊಡಗಿತು. ಇಡೀ ದಿನದಲ್ಲಿ ನಾನು ಫೋನಿನಲ್ಲಿ ಬೈಸಿಕೊಳ್ಳದೆ ಇರುತ್ತಿದ್ದದ್ದು ಆ ಒಂದು ಹೊತ್ತು ಮಾತ್ರ. ಮಾತು ಮುಗಿದ ಮೇಲೆ ಇನ್ನೂ ಸಿಟ್ಟು ಬರುತ್ತಿತ್ತು. ಇಂಥವಳು ಅವನಿಗೆ ಸಿಕ್ಕಳಲ್ಲ!

ಒಂದು ದಿನ ಅವಳ ಬಾಯಿಂದ ಬಸುವಿನ ಗುಟ್ಟು ಹೊರಡಿಸೋಣ ಎಂದು ನನ್ನದೇ ಹೆಸರು ತೆಗೆದು ಹೇಳಿದೆ, "ನನಗ ಇನ್ನೊಬ್ಬ ಮೆಕ್ಯಾನಿಕ್ ಗೊತ್ತದಾನ್ರಿ, ಶಿವಾನಂದ ಅಂತ. ಅಂವ ಫೋನ ಎತ್ತಂಗಿಲ್ಲ. ಭಾಳ ಸೊಕ್ಕಿನ ಮನಶ್ಯಾ."

"ಶಿವಾನಂದ ಸರ್ ಏನ್ರಿ?" ಎಂದಳು ರೇಣುಕಾ. "ಹಂಗನಬ್ಯಾಡ್ರಿ. ಅವರಷ್ಟು ಚಲೋ ಕೆಲಸಗಾರ ಇಡೀ ಮುಂಬಯ್ಯಾಗ ಇಲ್ಲಂತ ನಮ್ಮ ಸರ್ ಹೇಳ್ತಾರ್ರಿ. ಗ್ಯಾಸ್ ಎಲ್ಲಿ ಸೋರತೈತಿ ಅಂತ ಕಿವೀಲೇ ಹಿಡೀತಾರಂತ. ಫೋನ್ ಎತ್ತಲಿಲ್ಲಂದ್ರ ಛಜ್ಜಾದ ಮ್ಯಾಲ ಇರ್ತಾರ್ರಿ ಪಾಪ. ಸಿಟ್ಟಾಗಬ್ಯಾಡ್ರಿ ಅವರ ಮ್ಯಾಲ."

ನಾನು ಫೋನ್ ಇಟ್ಟು ಟಾಕಿಗೆ ಒರಗಿ ಕೂತೆ. ಬಸು ನನ್ನ ಮುಂದೆ ಇಂಥ ಮಾತು ಒಂದೇ ಒಂದು ಸಲ ಆಡಿದವನಲ್ಲ. ನನಗೆ ಸಿಗಬೇಕಾದ ಹೊಗಳಿಕೆಯನ್ನೂ ಅವಳಿಗೇ ಕೊಟ್ಟಿದ್ದನಲ್ಲ!

ಮೇ ಕೊನೆಗೆ ಬಸು ಹೆದರಿದ್ದು ಆಗಿಹೋಯಿತು. ಬೊರಿವಲಿಯ ಆ ಬಿಲ್ಡಿಂಗಿನಲ್ಲಿ, ಒಬ್ಬ ಗುಜರಾತಿ ಮುದುಕಿಯ ಮನೆಯಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿಯನ್ನು ಕಿಟಕಿಯ ಸರಳಿಗೆ ಬಿಗಿದು ಛಜ್ಜಾದ ಮೇಲೆ ಇಳಿದಿದ್ದೆ. ಹೊರಗಿನ ಯಂತ್ರವನ್ನು ತೊಳೆದ ನೀರು ಕಾಲ ಕೆಳಗೆ ಹರಡಿತ್ತು. ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮುಂಜಾನೆ ಬೈದಿದ್ದ ಗಿರಾಕಿಯೇ ಇರಬೇಕು, ಎತ್ತದಿದ್ದರೆ ಇನ್ನೊಬ್ಬನನ್ನು ಕರೆಯುತ್ತಾನೆ, ಆ ಇನ್ನೊಬ್ಬ ಬಸುವೇ ಆಗಿರಬಹುದು. ಇಷ್ಟು ಯೋಚನೆ ಮಾಡಿದ್ದು ನೆನಪಿದೆ. ಫ್ರೇಮು ಹಿಡಿದಿದ್ದ ಕೈ ಬಿಟ್ಟು ಫೋನ್ ತೆಗೆದೆ. ಕಾಲು ಜಾರಿತು. ಹಗ್ಗ ಸೊಂಟವನ್ನು ಕತ್ತರಿಸುವಂತೆ ಬಿಗಿಯಿತು, ಎಡಗೈಯ ಮಣಿಕಟ್ಟು ಕಬ್ಬಿಣಕ್ಕೆ ಬಡಿಯಿತು. ಮುದುಕಿ ಕೂಗಿಕೊಂಡಳು. ನಾನು ಗಾಳಿಯಲ್ಲಿ ತೂಗುತ್ತಿದ್ದೆ, ಬಲಗೈಯಲ್ಲಿ ಫೋನು ಇನ್ನೂ ಬಾರಿಸುತ್ತಲೇ ಇತ್ತು. ಪಕ್ಕದ ಮನೆಯವರು ಎಳೆದು ಒಳಗೆ ಹಾಕಿದ ಮೇಲೆ ನೋಡಿದೆ. ಪನ್ವೇಲ್ ಹತ್ತಿರ ಫ್ಲ್ಯಾಟ್ ಮಾರುವವರ ಜಾಹೀರಾತಿನ ಕರೆ.

ಕೈಗೆ ಪ್ಲಾಸ್ಟರ್ ಬಿತ್ತು. ಸೀಝನ್ನಿನ ನಟ್ಟನಡುವೆ ಚಾಳಿನ ಖೋಲಿಯಲ್ಲಿ ಮಲಗಿದೆ. ಬಸು ಬಂದು ಬಾಗಿಲಲ್ಲಿ ನಿಂತ, ನಾನು ಗೋಡೆಯ ಕಡೆ ತಿರುಗಿ ನಿದ್ದೆ ಬಂದವನಂತೆ ಮಾಡಿದೆ. ಫೋನು ಒಂದೆರಡು ದಿನ ಬಡಿದುಕೊಂಡಿತು. ಸರೋಜಾ ಎತ್ತಿ ತನಗೆ ಬಂದಷ್ಟು ಹಿಂದಿಯಲ್ಲಿ ಏನೇನೋ ಹೇಳಿದಳು. ಆಮೇಲೆ ಒಂದು ಮುಂಜಾನೆ ಎದ್ದರೆ ಪೂರ್ತಿ ಮೌನ.

"ಫೋನ್ ಯಾಕ ಸುಮ್ಮನಾತು?"

"ನನಗೇನ ಗೊತ್ತರಿ," ಎಂದಳು ಸರೋಜಾ, ನನ್ನ ಮುಖ ನೋಡದೆ.

ನನಗೆ ಎಲ್ಲ ಅರ್ಥವಾಯಿತು. ಬಸು ನನ್ನ ಗಿರಾಕಿಗಳನ್ನು ನುಂಗಿದ್ದಾನೆ. ಬೊರಿವಲಿಯವರೆಗೆ ಬಾಯಿ ಚಾಚಿದ್ದಾನೆ. ಮೂಲೆಯಲ್ಲಿ ಬಿದ್ದ ಆ ಸತ್ತ ಫೋನನ್ನು ನೋಡುತ್ತ ಮೈ ಪರಚಿಕೊಳ್ಳುವ ಹಾಗಾಯಿತು. ನಾಲ್ಕೈದು ದಿನ ಹೀಗೇ ಕಳೆದ ಮೇಲೆ, ಸರೋಜಾ ನೀರು ಹಿಡಿಯಲು ಹೋದಾಗ ಅವಳ ಫೋನಿನಿಂದ ನನ್ನದೇ ನಂಬರಿಗೆ ಹಚ್ಚಿದೆ. ಮೂಲೆಯ ಫೋನು ಮಿಸುಕಲಿಲ್ಲ. ಆದರೆ ಆ ಕಡೆ ಯಾರೋ ಎತ್ತಿದರು. ಮಗ್ಗದ ಸದ್ದು.

"ನಮಸ್ತೇ, ಶಿವಾನಂದ್ ಕೂಲಿಂಗ್. ಬೋಲಿಯೇ."

ನನಗೆ ಕೆಮ್ಮು ಬಂತು.

"ಜೋಶಿ ಸರ್?" ಎಂದಳು ರೇಣುಕಾ. ಆಮೇಲೆ ತಗ್ಗಿದ ದನಿಯಲ್ಲಿ, "ಕೈ ಹ್ಯಾಂಗೈತ್ರಿ ಈಗ?"

ಗೋಡೆಗೆ ಒರಗಿ ಕೂತೆ. "ಯಾವಾಗಿಂದ ಗೊತ್ತಿತ್ತು ನಿಮಗ?"

"ಮೊದಲನೇ ದಿನದಿಂದ್ರಿ. ಗಿರಾಕಿಗೋಳು ಎಸಿ ತಣ್ಣಗ ಆಗವಲ್ದು ಅಂತಾರ, ನೀರ ಸೋರಾಕತ್ತೈತಿ ಅಂತಾರ. ಕೆಪ್ಯಾಸಿಟರ್ ಹೋಗೈತಿ ಅಂತ ಯಾವ ಗಿರಾಕಿನೂ ಅನ್ನಂಗಿಲ್ರಿ. ಯಾರೋ ಮೆಕ್ಯಾನಿಕ್ ನಾಟಕ ಮಾಡಾಕತ್ತಾರ ಅಂತ ಸರ್‌ಗೆ ಹೇಳಿದೆ. ಮಾತಿನ ನಡುವ ಕೆಮ್ಮತಾನೇನು ಅಂತ ಕೇಳಿದ್ರು. ಹೌದಂದೆ. ಅಂವ ನಮ್ಮ ಶಿವ್ಯಾ, ನನ್ನ ಕೂಡ ಮಾತು ಬಿಟ್ಟಾನ, ನಿನ್ನ ಕೂಡನರೆ ಮಾತಾಡಲಿ, ಫೋನ್ ಇಡಬ್ಯಾಡವ್ವಾ ಅಂದ್ರು."

"ಈಗ ನನ್ನ ಗಿರಾಕಿಗೋಳು?"

"ಸರೋಜಕ್ಕಾರು ನಂಬರ್ ಇತ್ತಾಗ ತಿರುಗಿಸ್ಯಾರ್ರಿ. ನಿಮ್ಮ ಹೆಸರಿನ ಮ್ಯಾಲನ ತಗೊಳ್ಳಾಕತ್ತೀನಿ. ಸರ್ ತಮ್ಮ ಕೆಲಸ ಬೆಳಿಗ್ಗೆ ಮುಗಿಸಿ ಮಧ್ಯಾಹ್ನದ ಮ್ಯಾಲ ನಿಮ್ಮೂವಕ್ಕ ಹೋಗ್ತಾರ. ಗಿರಾಕಿಗೆ, ನಾ ಶಿವಾನಂದನ ಕಡೆಯವ ಅಂತ ಹೇಳ್ತಾರಂತ್ರಿ."

ಅವನು ನನ್ನ ಗಿರಾಕಿಗಳನ್ನು ಕದ್ದಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಬೈಯಬಹುದಿತ್ತು, ಚಾಳಿನವರನ್ನೆಲ್ಲ ಕೂಡಿಸಿ ನ್ಯಾಯ ಕೇಳಬಹುದಿತ್ತು. ಈಗ ಅವನ ಸುಖದ ಮೇಲಿದ್ದ ಹೊಟ್ಟೆಕಿಚ್ಚಿನ ಜೊತೆಗೆ ಅವನ ಒಳ್ಳೆಯತನದ ಮೇಲೊಂದು ಹೊಟ್ಟೆಕಿಚ್ಚು ಸೇರಿಕೊಂಡಿತು. ಅವನ ಕೈ ಮುರಿದಿದ್ದರೆ ನಾನು ಹೀಗೆ ಮಾಡುತ್ತಿದ್ದೆನೇ ಎಂದು ಯೋಚಿಸಿದೆ. ಮಾಡುತ್ತಿದ್ದೆ, ಆದರೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ.

"ಆತು," ಎಂದೆ ರೇಣುಕಾಗೆ. "ಕೈ ನೆಟ್ಟಗಾದ ಮ್ಯಾಲೂ ನೀವ ಎತ್ರಿ." ಅವಳು ನಕ್ಕಳೋ ಏನೋ, ಮಗ್ಗದ ಸದ್ದಿನಲ್ಲಿ ತಿಳಿಯಲಿಲ್ಲ.

ಆ ಸಂಜೆ ಮುಂಬೈಗೆ ಮೊದಲ ಮಳೆ. ಎಸಿಯವರ ಸೀಝನ್ ಮುಗಿಯುವುದು ಅಂಥ ಒಂದು ಮಳೆಗೇ. ಚಾಳಿನ ಮಕ್ಕಳೆಲ್ಲ ಅಂಗಳದಲ್ಲಿ ಕುಣಿಯುತ್ತಿದ್ದರು. ಬಸು ತೊಯ್ದು ತಪ್ಪಡಿಯಾಗಿ ಬೊರಿವಲಿಯಿಂದ ಬಂದ. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಸೀದಾ ಒಳಗೆ ಬಂದು ನನ್ನ ಎದುರು ನೆಲದ ಮೇಲೆ ಕೂತ. ಸರೋಜಾ ಕೊಟ್ಟ ಟವೆಲ್ಲಿನಿಂದ ತಲೆ ಒರೆಸಿಕೊಂಡ. ನಾನು ಏನು ಹೇಳಬೇಕೆಂದು ಹುಡುಕುತ್ತಿದ್ದೆ. ಉಪಕಾರವಾಯಿತು ಎನ್ನುವುದಕ್ಕೆ ನನ್ನ ನಾಲಿಗೆ ಹೊರಳುವುದಿಲ್ಲ. ಅವನ ಮುಖ ನೋಡಿದರೆ ಅಲ್ಲಿಯೂ ಏನೋ ಗಂಟು.

"ನಿನ್ನ ಗಿರಾಕಿಗೋಳು ನನ್ನ ತಲಿ ತಿಂದ್ರಲೇ," ಎಂದ.

"ಯಾಕ?"

"ಯಾಕಂದ್ರ? ಬಾಗಲಾ ತೆಗದ ಕೂಡ್ಲೇ 'ಶಿವಾನಂದ್ ಭಾಯ್ ಕಹಾಂ ಹೈ?' ನಾ ಎಸಿ ಬಿಚ್ಚಿದ್ರ, 'ವೋ ಐಸಾ ನಹೀ ಖೋಲತಾ,' ಅಂವ ಹಿಂಗ ಬಿಚ್ಚಂಗಿಲ್ಲ ಅಂತ. ಕೈ ಮುರದೈತಿ ಅಂದ್ರ ಒಬ್ಬಾಕಿ ಅತ್ಲು. ಇವತ್ತ ಆ ಗುಜರಾತಿ ಮುದುಕಿ ನನಗ ಛಜ್ಜಾದ ಮ್ಯಾಲ ಇಳಿಯಾಕನ ಬಿಡಲಿಲ್ಲ. ಅವನ ಬರಲಿ, ಅಲ್ಲೀತನಾ ನಾ ಫ್ಯಾನ್ ಹಾಕ್ಕೊಂಡಿರ್ತೀನಿ ಅಂದ್ಲು." ಟವೆಲ್ಲನ್ನು ಹಿಂಡಿದ. "ನನಗ ಯಾರ ಹಂಗ ಕೇಳ್ತಾರ? ರೇಣುಕಾ ಮೇಡಂ ಕಳಿಸ್ಯಾರೇನು ಅಂತ ಕೇಳಿ ಒಳಗ ಬಿಡ್ತಾರ. ಆಕಿ ಹೆಸರು ಎಲ್ಲಾರಿಗೂ ಗೊತ್ತು. ನಾ ಎಸಿ ಸಾಫ್ ಮಾಡಿ ಹೋಗಾಂವ, ಅಷ್ಟ. ನಾಳೆ ನನ್ನ ಬದ್ಲಿ ಬ್ಯಾರೆಯಾಂವ ಹೋದ್ರೂ ನಡೀತದ. ಆರಾಮ ಅದೀನಿ, ಊಟ ಮಾಡ್ತೀನಿ, ಹಾಡ್ತೀನಿ, ಖರೆ. ಆದ್ರ ಆ ಮುದುಕಿ ಮನಿಯಿಂದ ಇಳಿದು ಬರೂಮುಂದ, ಖರೆ ಹೇಳ್ತೀನಿ ಶಿವ್ಯಾ, ನಿನ್ನ ಮ್ಯಾಲ ಹೊಟ್ಟಿ ಉರೀತು ನನಗ."

ನಾನು ಎದ್ದು ನೆಟ್ಟಗೆ ಕೂತೆ.

"ಏನಂದಿ?"

"ಹೊಟ್ಟಿ ಉರೀತು ಅಂದೆ."

"ಮಳಿ ಸಪ್ಪಳದಾಗ ಕೇಳಲಿಲ್ಲ. ಇನ್ನೊಮ್ಮೆ ಹೇಳು."

ಬಸು ನನ್ನ ಮುಖವನ್ನೇ ದಿಟ್ಟಿಸಿ ನೋಡಿದ. ಇಷ್ಟು ವರ್ಷದ ಗೆಳೆಯ, ಅವನಿಗೆ ಗೊತ್ತಾಗದೆ ಇರುತ್ತದೆಯೇ? ನಗು ತಡೆದುಕೊಂಡು ಹತ್ತಿರ ಸರಿದು, ನನ್ನ ಕಿವಿಗೆ ಬಾಯಿ ಹಚ್ಚಿ, ಗ್ಯಾಲರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದ.